ನೋಡಿಕೊಂಡಿದ್ದು ನಾನು, ಮನೆ ಯಾರಿಗೆ?

ಓದುಗರ ಪ್ರಶ್ನೆ, ಲಾಯರಮ್ಮನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ವಿಲ್ ಬರೆದಿಲ್ಲ, ಈಗೇನು ಗತಿ? ಇಲ್ಲಿ ಆರಿಸಿಕೊಂಡಿರುವ ಪತ್ರಗಳೆಲ್ಲ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಸೇರಿದವು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಪಾಲಿನ ಲೆಕ್ಕವೇ ಬೇರೆ. ಆ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಮದುವೆ ಆಗಿರಲಿಲ್ಲ. ಕಾರ್ಖಾನೆಯಲ್ಲಿ ದುಡಿದು, ತಾವೇ ಕೊಂಡ 30×40 ಸೈಟ್‌ನಲ್ಲಿ ಮನೆ ಕಟ್ಟಿಸಿದ್ದರು. ಕೊನೆಯ ಆರು ವರ್ಷ ನಾನು, ನನ್ನ ಹೆಂಡತಿ ಅದೇ ಮನೆಯಲ್ಲಿದ್ದು ನೋಡಿಕೊಂಡೆವು. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಕರೆದುಕೊಂಡು ಹೋಗುತ್ತಿದ್ದವನು ನಾನೇ. ‘ಈ ಮನೆ ನಿನಗೇ ಕಣೋ’ ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಬರೆದಿಡಲಿಲ್ಲ. ಬ್ಯಾಂಕ್ ಎಫ್‌ಡಿಗೆ ನಾನೇ ನಾಮಿನಿ. ನಮ್ಮ ತಂದೆ, ಅಂದರೆ ಅವರ ಅಣ್ಣ, ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ತುಮಕೂರಿನಲ್ಲಿ ಅತ್ತೆ, ಮೈಸೂರಿನಲ್ಲಿ ಇನ್ನೊಬ್ಬ ಚಿಕ್ಕಪ್ಪ ಇದ್ದಾರೆ. ವೈಕುಂಠ ಸಮಾರಾಧನೆ ಮುಗಿದ ವಾರಕ್ಕೇ ಇಬ್ಬರೂ ಪಾಲು ಕೇಳುತ್ತಿದ್ದಾರೆ. ನನಗೆ ಎಷ್ಟು ಬರುತ್ತದೆ? — ನಂದಿನಿ ಲೇಔಟ್ ಓದುಗರು

ಉತ್ತರ: ಸುತ್ತಿ ಬಳಸಿ ಹೇಳಿದರೆ ನಿಮಗೇ ನಷ್ಟ, ಅದಕ್ಕೆ ನೇರವಾಗಿ ಹೇಳುತ್ತೇನೆ. ವಿಲ್ ಇಲ್ಲದಿದ್ದರೆ ಆ ಮನೆಯಲ್ಲಿ ನಿಮಗೆ ಏನೂ ಬರುವುದಿಲ್ಲ. ಅರ್ಧ ನಿಮ್ಮ ಅತ್ತೆಗೆ, ಅರ್ಧ ಮೈಸೂರಿನ ಚಿಕ್ಕಪ್ಪನಿಗೆ.

ಯಾಕೆ ಅಂತ ಕೇಳಿ. ಗಂಡಸು ವಿಲ್ ಬರೆಯದೆ ಸತ್ತರೆ ಕಾಯ್ದೆಯ 8ನೇ ಕಲಂ ಒಂದು ಪಟ್ಟಿ ತೋರಿಸುತ್ತದೆ. ಮೊದಲ ವರ್ಗದಲ್ಲಿ ಹೆಂಡತಿ, ಮಕ್ಕಳು, ತಾಯಿ, ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಕಡೆಯವರು ಬರುತ್ತಾರೆ. ಇವರಲ್ಲಿ ಒಬ್ಬರಿದ್ದರೂ ಮುಂದಿನವರಿಗೆ ಬಾಗಿಲು ಬಂದ್. ನಿಮ್ಮ ಚಿಕ್ಕಪ್ಪನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ನಿಮ್ಮ ಅಜ್ಜಿಯೂ ಈಗ ಇಲ್ಲ ಅಂದುಕೊಳ್ಳುತ್ತೇನೆ. ಅಜ್ಜಿ ಇದ್ದರೆ ಇಡೀ ಮನೆ ಅವರದೇ, ಬೇರೆ ಯಾರೂ ಕೇಳುವ ಹಾಗಿಲ್ಲ.

ಆಮೇಲೆ ಎರಡನೇ ವರ್ಗ. ಅದು ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲ ಮೆಟ್ಟಿಲಿನಲ್ಲಿ ತಂದೆ ಒಬ್ಬರೇ. ಅವರಿಲ್ಲದಿದ್ದರೆ ಎರಡನೇ ಮೆಟ್ಟಿಲು, ಅಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರು ಇದ್ದಾರೆ, ಎಲ್ಲರಿಗೂ ಸಮಪಾಲು. ಅಣ್ಣನ ಮಗ ಇರುವುದು ನಾಲ್ಕನೇ ಮೆಟ್ಟಿಲಿನಲ್ಲಿ. ಮೇಲಿನ ಮೆಟ್ಟಿಲಿನಲ್ಲಿ ಒಬ್ಬರು ಜೀವಂತ ಇದ್ದರೂ ಕೆಳಗಿನವರ ಸರದಿ ಬರುವುದಿಲ್ಲ.

‘ನಮ್ಮ ತಂದೆಯ ಪಾಲು ನನಗೆ ಬರಬೇಕಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಮಗ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಮೊಮ್ಮಕ್ಕಳಿಗೆ ಇಳಿಯುತ್ತದೆ, ನಿಜ. ಆದರೆ ಆ ಸೌಲಭ್ಯ ಅಣ್ಣ ತಮ್ಮಂದಿರ ಸಾಲಿಗೆ ಇಲ್ಲ. ನಿಮ್ಮ ತಂದೆ ಚಿಕ್ಕಪ್ಪನಿಗಿಂತ ಒಂದೇ ಒಂದು ದಿನ ಜಾಸ್ತಿ ಬದುಕಿದ್ದರೂ ಮೂರನೇ ಒಂದು ಪಾಲು ಅವರದಾಗಿ, ಅವರಿಂದ ನಿಮಗೆ, ನಿಮ್ಮ ತಾಯಿಗೆ, ಒಡಹುಟ್ಟಿದವರಿದ್ದರೆ ಅವರಿಗೆ ಬರುತ್ತಿತ್ತು. ನನ್ನ ಮಟ್ಟಿಗೆ ಇದು ಕಾಯ್ದೆಯ ಒರಟು ಜಾಗಗಳಲ್ಲಿ ಒಂದು. 1956ರಿಂದ ಹಾಗೇ ಇದೆ.

ನೋಡಿಕೊಂಡವರಿಗೆ ಆಸ್ತಿ ಅನ್ನುವ ಕಲಂ ಪಟ್ಟಿಯಲ್ಲಿ ಎಲ್ಲೂ ಇಲ್ಲ. ‘ನಿನಗೇ ಕಣೋ’ ಎಂದಿದ್ದಕ್ಕೆ ಹತ್ತು ಜನ ಸಾಕ್ಷಿ ಹೇಳಿದರೂ ಬಾಯಿಮಾತು ವಿಲ್ ಆಗುವುದಿಲ್ಲ.

ನಾಮಿನಿ ವಿಷಯ. ಎಫ್‌ಡಿ ದುಡ್ಡನ್ನು ಬ್ಯಾಂಕ್ ನಿಮ್ಮ ಕೈಗೇ ಕೊಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಬ್ಯಾಂಕ್ ತನ್ನ ತಲೆನೋವು ಕಳೆದುಕೊಳ್ಳುವುದಕ್ಕೆ ಮಾಡಿಕೊಂಡ ಏರ್ಪಾಡು ಅದು. ದುಡ್ಡು ಕೈಗೆ ಬಂದ ಮೇಲೆ ವಾರಸುದಾರರು ಕೇಳಿದರೆ ನೀವು ಲೆಕ್ಕ ಕೊಡಬೇಕು. ನಾಮಿನಿ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ ವಿಮೆ ಹಣದ ಬಗ್ಗೆ 1983ರಲ್ಲೇ ಹೇಳಿತ್ತು. ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಮತ್ತೆ ಅದನ್ನೇ ಹೇಳಿತು. ಆ ದುಡ್ಡನ್ನು ಈಗಲೇ ಖರ್ಚು ಮಾಡಿಬಿಡಬೇಡಿ.

ಹಾಗಾದರೆ ಏನು ಮಾಡಬಹುದು? ಮೊದಲು ಹುಡುಕಿ. ಚಿಕ್ಕಪ್ಪ ಬರೆದಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಒಂಟಿಯಾಗಿದ್ದ ಹಿರಿಯರು ಯಾರಿಗೂ ಹೇಳದೆ ಉಪನೋಂದಣಿ ಕಚೇರಿಗೆ ಹೋಗಿ ವಿಲ್ ರಿಜಿಸ್ಟರ್ ಮಾಡಿಸಿ ಬಂದಿರುತ್ತಾರೆ. ಬರೆದವರು ಬದುಕಿರುವ ತನಕ ಅದರ ನಕಲು ಬೇರೆಯವರಿಗೆ ಸಿಗುವುದಿಲ್ಲ. ಸತ್ತ ಮೇಲೆ ಮರಣ ಪ್ರಮಾಣಪತ್ರ ತೋರಿಸಿ ಕೇಳಬಹುದು. ಬೀರು, ಲಾಕರ್, ಎಲ್‌ಐಸಿ ಫೈಲ್, ದೇವರ ಮನೆ ಕಪಾಟು, ಎಲ್ಲ ನೋಡಿ. ಹಳೇ ಡೈರಿಯ ಹಾಳೆಯಲ್ಲಿ ಬರೆದಿದ್ದರೂ, ಅವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಅದು ವಿಲ್ಲೇ.

ಸಿಗಲಿಲ್ಲ ಅಂದರೆ ಅತ್ತೆ, ಚಿಕ್ಕಪ್ಪನ ಹತ್ತಿರ ಕೂತು ಮಾತಾಡಿ. ಕೈಯಲ್ಲಿ ಆಸ್ಪತ್ರೆ ಬಿಲ್, ಔಷಧಿ ಚೀಟಿ, ಅಂತ್ಯಕ್ರಿಯೆ ಖರ್ಚಿನ ಲೆಕ್ಕ ಇರಲಿ. ಅದನ್ನು ಮೊದಲು ಕಳೆದು ಉಳಿದಿದ್ದು ಹಂಚೋಣ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಅವರು ಮನಸ್ಸು ಮಾಡಿ ಒಂದು ಭಾಗ ನಿಮಗೆ ಕೊಡುತ್ತೇವೆ ಅಂದರೂ ಹಕ್ಕು ಬಿಡುಗಡೆ ಪತ್ರ ಮಾಡಿಸಲು ಹೋಗಬೇಡಿ. ಹಕ್ಕು ಬಿಡುವುದು ಪಾಲುದಾರರು ಪಾಲುದಾರರಿಗೆ. ನೀವು ಪಾಲುದಾರರಲ್ಲ, ಹಾಗಾಗಿ ನಿಮಗೆ ಬೇಕಾಗಿರುವುದು ರಿಜಿಸ್ಟರ್ ಆದ ದಾನಪತ್ರ. ಕುಟುಂಬದೊಳಗಿನ ದಾನಕ್ಕೆ ಇರುವ ಕಡಿಮೆ ಮುದ್ರಾಂಕ ಶುಲ್ಕ ಅಣ್ಣನ ಮಗನಿಗೆ ಅನ್ವಯಿಸುತ್ತದಾ ಅಂತ ಪತ್ರ ಬರೆಸುವ ಮೊದಲೇ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಗಾಬರಿ ಆಗುವುದು ಬೇಡ.

ಇನ್ನೊಂದು ಮಾತು. ಪಾಲು ಇಲ್ಲ ಅಂದ ಮಾತ್ರಕ್ಕೆ ನಾಳೆ ಬೆಳಿಗ್ಗೆ ನಿಮ್ಮ ಸಾಮಾನು ಬೀದಿಗೆ ಹಾಕುವ ಹಾಗಿಲ್ಲ. ಬಿಡಿಸಬೇಕಾದರೆ ಕೋರ್ಟ್ ಮೂಲಕವೇ ಬಿಡಿಸಬೇಕು. ಮಾತುಕತೆಗೆ ನಿಮಗೆ ಸಮಯ ಇದೆ.

ಪ್ರಶ್ನೆ: ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ಸರ್ಕಾರಿ ನೌಕರಿಯ ಸಂಬಳದಲ್ಲಿ ಅವರೇ ಕೊಂಡ ಮನೆ. ವಿಲ್ ಇಲ್ಲ. ತಾಯಿ 2015ರಲ್ಲಿ ಹೋದರು, ಅವರೂ ಬರೆದಿಡಲಿಲ್ಲ. ಇಬ್ಬರು ತಮ್ಮಂದಿರು ಈಗ ಮನೆಯನ್ನು ಬಿಲ್ಡರ್‌ಗೆ ಕೊಡುತ್ತಿದ್ದಾರೆ. ‘ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದೇ 2005ರಲ್ಲಿ, ನಿನ್ನ ಮದುವೆ 1985ರಲ್ಲೇ ಆಯ್ತು, ಅದಕ್ಕೆ ಅಪ್ಪ ಸೈಟ್ ಮಾರಿ ಖರ್ಚು ಮಾಡಿದ್ರು’ ಅನ್ನುತ್ತಾರೆ. ಅಪ್ಪ ತೀರಿಕೊಂಡ ವರ್ಷ ಖಾತೆ ಬದಲಾವಣೆಗೆ ಅಂತ ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ ನನ್ನ ಸಹಿ ತೆಗೆದುಕೊಂಡಿದ್ದರು. — ವಿಜಯನಗರ ಓದುಗರು

ಉತ್ತರ: ನಿಮ್ಮ ತಮ್ಮಂದಿರು ಎರಡು ಬೇರೆ ಬೇರೆ ವಿಷಯವನ್ನು ಕಲಸಿಬಿಟ್ಟಿದ್ದಾರೆ. ಬೇಕಂತಲೇ ಕಲಸಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಬೆಂಗಳೂರಿನಲ್ಲಿ ಅಕ್ಕತಂಗಿಯರಿಗೆ ಹೇಳುವ ಮಾತುಗಳಲ್ಲಿ ಇದೇ ನಂಬರ್ ಒನ್.

2005ರ ತಿದ್ದುಪಡಿ ಇರುವುದು ಪಿತ್ರಾರ್ಜಿತ ಆಸ್ತಿಗೆ. ಮಗನ ಹಾಗೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು ಅದು ಹೇಳಿತು. ಕರ್ನಾಟಕ 1994ರಲ್ಲೇ ಅಂಥದ್ದೊಂದು ತಿದ್ದುಪಡಿ ಮಾಡಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. ನಿಮ್ಮ ತಮ್ಮಂದಿರ ತಲೆಯಲ್ಲಿರುವ ‘ಮದುವೆಯಾದ ಮಗಳಿಗಿಲ್ಲ’ ಅಲ್ಲಿಂದ ಬಂದಿರಬೇಕು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂದಿದೆ.

ಆದರೆ ನಿಮಗೆ ಇದು ಯಾವುದೂ ಬೇಕಾಗಿಯೇ ಇಲ್ಲ. ನಿಮ್ಮದು ತಂದೆಯ ಸ್ವಂತ ದುಡಿಮೆಯ ಮನೆ. ಅಂಥ ಆಸ್ತಿಯಲ್ಲಿ ಮಗಳಿಗೆ 1956ರಿಂದಲೇ ಮಗನಷ್ಟೇ ಪಾಲು ಇದೆ. ಮದುವೆ ಯಾವಾಗ ಆಯ್ತು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಮದುವೆ ಖರ್ಚನ್ನು ಪಾಲಿನಿಂದ ಕಳೆಯುವ ನಿಯಮವೂ ಇಲ್ಲ. ಹಾಗೆ ಕಳೆಯುವುದಾದರೆ ತಮ್ಮಂದಿರ ಎಂಜಿನಿಯರಿಂಗ್ ಫೀಸನ್ನೂ ಕಳೆಯಬೇಕಾಗುತ್ತದೆ.

2001ರಲ್ಲಿ ತಾಯಿ, ಇಬ್ಬರು ತಮ್ಮಂದಿರು, ನೀವು, ತಲಾ ಕಾಲು ಪಾಲು. ತಾಯಿಯ ಕಾಲು ಪಾಲು 2015ರಲ್ಲಿ ಮೂವರು ಮಕ್ಕಳಿಗೆ ಸಮವಾಗಿ ಬಂತು. ಈಗ ನಿಮ್ಮದು ಮೂರನೇ ಒಂದು.

ಸಹಿ ಮಾಡಿದ ಛಾಪಾ ಕಾಗದದ ಬಗ್ಗೆ ಹೆದರಬೇಡಿ, ಆದರೆ ಅದರ ಪ್ರತಿ ಮಾತ್ರ ಸಂಪಾದಿಸಿ. ಸಾಮಾನ್ಯವಾಗಿ ಅದರಲ್ಲಿ ‘ಖಾತೆ ಇವರ ಹೆಸರಿಗೆ ಮಾಡಲು ನನ್ನ ಅಭ್ಯಂತರವಿಲ್ಲ’ ಅಂತ ಇರುತ್ತದೆ, ಕೆಳಗೆ ನೋಟರಿ ಸೀಲು. ಖಾತೆ ಇರುವುದು ಕಂದಾಯ ಕಟ್ಟುವುದಕ್ಕೆ. ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ಮನೆ ಮೇಲಿನ ಹಕ್ಕು ಬಿಟ್ಟುಕೊಡಬೇಕಾದರೆ ಉಪನೋಂದಣಿ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಬೇಕು. ನೀವು ಅಂಥ ಕಡೆಗೆ ಹೋದ ನೆನಪಿದೆಯಾ? ಅನುಮಾನ ಇದ್ದರೆ ಉಪನೋಂದಣಿ ಕಚೇರಿಯಲ್ಲಿ ಆ ಮನೆಯ 2001ರಿಂದ ಈಚಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ರಿಜಿಸ್ಟರ್ ಆಗಿದ್ದರೆ ಅದರಲ್ಲಿ ಕಾಣುತ್ತದೆ.

ಈಗ ಮಾಡಬೇಕಾದ್ದು ಬೇಗ ಮಾಡಿ. ತಮ್ಮಂದಿರಿಗೂ ಬಿಲ್ಡರ್‌ಗೂ ವಕೀಲರ ಮೂಲಕ ನೋಟಿಸ್ ಕಳಿಸಿ. ಬಿಲ್ಡರ್‌ಗೆ ಕಳಿಸುವುದೇ ಜಾಸ್ತಿ ಮುಖ್ಯ. ತಂಗಿಯೋ ಅಕ್ಕನೋ ಒಬ್ಬಳು ಇದ್ದಾಳೆ ಅಂತ ಗೊತ್ತಾದರೆ ಅವರ ವಕೀಲರೇ ಫೈಲ್ ಮುಚ್ಚಿ, ‘ಮೇಡಂ ಸಹಿ ತನ್ನಿ’ ಅನ್ನುತ್ತಾರೆ. ತಮ್ಮಂದಿರು ಪೂರ್ತಿ ಮನೆ ಮಾರಿದರೂ ದಾಟುವುದು ಅವರ ಪಾಲು ಮಾತ್ರ. ಒಪ್ಪದಿದ್ದರೆ ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಪಾಲು ದಾವೆ. ದಾವೆ ಹಾಕಿದರೆ ಸಂಬಂಧ ಮುಗಿದೇ ಹೋಯಿತು ಅಂದುಕೊಳ್ಳಬೇಡಿ. ಇಂಥ ಕೇಸುಗಳನ್ನು ಕೋರ್ಟೇ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಕೂತು ಕಾಫಿ ಕುಡಿದು ರಾಜಿಯಾಗಿ ಎದ್ದವರು ಬೇಕಾದಷ್ಟು ಜನ. ಸುಮ್ನೆ ಕೂರಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ: ನಿಮ್ಮನ್ನು ಪಾಲಿನಿಂದ ಹೊರಗಿಟ್ಟಿದ್ದು ಗೊತ್ತಾಗಿ 12 ವರ್ಷ ಕಳೆಯಿತು ಎಂಬ ವಾದವನ್ನು ಎದುರಿನವರು ತೆಗೆದೇ ತೆಗೆಯುತ್ತಾರೆ.

ಪ್ರಶ್ನೆ: ಶಾಲಾ ಶಿಕ್ಷಕಿಯಾಗಿದ್ದ ನಮ್ಮ ಅಕ್ಕ ವಿಲ್ ಬರೆಯದೆ ತೀರಿಕೊಂಡಳು. ಭಾವ ಮೊದಲೇ ಹೋಗಿದ್ದರು, ಮಕ್ಕಳಿಲ್ಲ. ಬನಶಂಕರಿಯಲ್ಲಿ ತನ್ನ ಸಂಬಳದಲ್ಲಿ ಕೊಂಡ ಫ್ಲ್ಯಾಟ್ ಇದೆ. ಕೆಂಗೇರಿ ಹತ್ತಿರ ಒಂದು ಸೈಟ್ ಇದೆ, ಅದು ನಮ್ಮ ತಂದೆ ಅವಳಿಗೆ ದಾನಪತ್ರ ಮಾಡಿಕೊಟ್ಟಿದ್ದು. ನಮ್ಮ ತಾಯಿ ಇನ್ನೂ ಇದ್ದಾರೆ, ಎಂಬತ್ತು ದಾಟಿದೆ. ಈಗ ಇಪ್ಪತ್ತು ವರ್ಷದಿಂದ ಮುಖ ತೋರಿಸದ ಭಾವನ ತಮ್ಮ ಬಂದು ಎರಡೂ ನನಗೆ ಸೇರಬೇಕು ಅನ್ನುತ್ತಿದ್ದಾನೆ. — ಪದ್ಮನಾಭನಗರ ಓದುಗರು

ಉತ್ತರ: ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಭಾವನಿಗೆ ಅವನಿಗಿಂತ ಹತ್ತಿರದ ವಾರಸುದಾರರು ಯಾರೂ ಇಲ್ಲದಿದ್ದರೆ ಅವನು ಹೇಳುತ್ತಿರುವುದು ಕಾಯ್ದೆಯ ಪ್ರಕಾರ ಸರಿ.

ಹೆಂಗಸಿನ ಆಸ್ತಿಗೆ 15ನೇ ಕಲಂ. ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಹೆತ್ತ ತಾಯಿ ತಂದೆ ಬರುವುದು ಅವರಾದ ಮೇಲೆ, ಮೂರನೆಯವರಾಗಿ. ಗಂಡಸಿನ ಪಟ್ಟಿಯಲ್ಲಿ ತಾಯಿ ಮೊದಲ ಸಾಲಿನಲ್ಲಿ, ಹೆಂಗಸಿನ ಪಟ್ಟಿಯಲ್ಲಿ ಮೈದುನನ ಹಿಂದೆ. ಫ್ಲ್ಯಾಟ್ ಹೀಗೆ ಆ ಕಡೆ ಹೋಗುತ್ತದೆ.

ಒಂದು ವಿನಾಯಿತಿ ಇದೆ. ತಂದೆ ಅಥವಾ ತಾಯಿಯಿಂದ ವಾರಸುದಾರಿಕೆಯಲ್ಲಿ ಬಂದ ಆಸ್ತಿ, ಮಕ್ಕಳಿಲ್ಲದಿದ್ದರೆ, ತಂದೆಯ ಕಡೆಯವರಿಗೆ ವಾಪಸ್ಸು ಬರುತ್ತದೆ. ನೀವು ಸೈಟ್ ಬಗ್ಗೆ ಇದನ್ನೇ ನಂಬಿಕೊಂಡಿರುತ್ತೀರಿ. ಆದರೆ ನಿಮ್ಮ ತಂದೆ ಬದುಕಿದ್ದಾಗಲೇ ದಾನಪತ್ರ ಮಾಡಿಕೊಟ್ಟರು. ದಾನವಾಗಿ ಬಂದಿದ್ದು ವಾರಸುದಾರಿಕೆ ಅಲ್ಲ. ಪ್ರೀತಿಯಿಂದ ಮಾಡಿದ ಕೆಲಸವೇ ಇಲ್ಲಿ ಅಡ್ಡ ಬಂತು. ಆದರೂ ದಾನಪತ್ರವನ್ನು ಒಬ್ಬ ಸಿವಿಲ್ ವಕೀಲರಿಗೆ ಓದಿಸಿ. ‘ಅವಳ ಜೀವಿತ ಕಾಲ ಮಾತ್ರ’ ಎಂಬಂಥ ಷರತ್ತು ಏನಾದರೂ ಇದ್ದರೆ ಕಥೆ ಬೇರೆಯಾಗಬಹುದು.

ನಾರಾಯಣಿ ದೇವಿ ಎಂಬವರ ಪ್ರಕರಣ ವಕೀಲರಿಗೆಲ್ಲ ಗೊತ್ತು. 1955ರಲ್ಲಿ ಮದುವೆ. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಸತ್ತ. ಅತ್ತೆ ಮನೆಯವರು ಹೊರಗೆ ಹಾಕಿದರು. ತವರಿನಲ್ಲಿದ್ದು ಓದಿ, ಕೆಲಸ ಹಿಡಿದು, ಬ್ಯಾಂಕ್‌ನಲ್ಲಿ ಮತ್ತು ಪಿಎಫ್‌ನಲ್ಲಿ ದುಡ್ಡು ಕೂಡಿಟ್ಟರು. 1996ರಲ್ಲಿ ವಿಲ್ ಇಲ್ಲದೆ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ದುಡ್ಡನ್ನು ಕೊಟ್ಟಿದ್ದು ಗಂಡನ ಕಡೆಯವರಿಗೆ. ಸಹಾನುಭೂತಿ ಬೇರೆ, ಕಾಯ್ದೆ ಬೇರೆ ಎಂಬುದು ತೀರ್ಪಿನ ಧಾಟಿ. ಈ ಕಲಮನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ್ದಾರೆ. 2025ರ ನವೆಂಬರ್‌ನಲ್ಲಿ ಅದೇ ಕೋರ್ಟ್, ಹೆಣ್ಣುಮಕ್ಕಳೇ ದಯವಿಟ್ಟು ವಿಲ್ ಬರೆದಿಡಿ ಎಂದು ಕೇಳಿಕೊಂಡಿತು. ಮಕ್ಕಳಿಲ್ಲದ, ಗಂಡನಿಲ್ಲದ, ಸ್ವಂತ ಸಂಪಾದನೆ ಇರುವ ಓದುಗರಿಗೆ ನಾನೂ ಕೈ ಮುಗಿದು ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಅಪ್ಪನ ಖಾತೆಯಲ್ಲಿ ನಾಲ್ಕು ಲಕ್ಷ ಇದೆ, ನಾಮಿನಿ ಇಲ್ಲ. ಬ್ಯಾಂಕಿನವರು ಒಂದು ದಿನ ವಂಶವೃಕ್ಷ ತನ್ನಿ ಅಂತಾರೆ, ಇನ್ನೊಂದು ದಿನ ಕೋರ್ಟ್ ಸರ್ಟಿಫಿಕೇಟ್ ತನ್ನಿ ಅಂತಾರೆ. — ಯಲಹಂಕ ಓದುಗರು

ಉತ್ತರ: ಎರಡೂ ಬೇರೆ. ವಂಶವೃಕ್ಷ ಸಿಗುವುದು ನಾಡಕಚೇರಿಯಲ್ಲಿ, ಮನೆಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಅದು ತೋರಿಸುತ್ತದೆ ಅಷ್ಟೆ. ಉತ್ತರಾಧಿಕಾರ ಪ್ರಮಾಣಪತ್ರ ಅಂದರೆ ಸಕ್ಸೆಷನ್ ಸರ್ಟಿಫಿಕೇಟ್, ಅದನ್ನು ಕೊಡುವುದು ಸಿವಿಲ್ ಕೋರ್ಟ್. ಠೇವಣಿ, ಷೇರಿನಂಥ ಹಣಕ್ಕೆ ಅದು ಬೇಕಾಗುತ್ತದೆ, ಮನೆ ಜಮೀನಿಗಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ, ಖರ್ಚೂ ಇದೆ.

ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಬರಬಾರದು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿದೆ. ನಾಮಿನಿ ಇಲ್ಲದಿದ್ದರೂ, ಮನೆಯವರಲ್ಲಿ ಜಗಳ ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಕೋರ್ಟ್ ಸರ್ಟಿಫಿಕೇಟ್ ಕೇಳದೆ ಸರಳ ವಿಧಾನದಲ್ಲಿ ಕೊಡಬೇಕು. ಕಾಗದಪತ್ರ ಎಲ್ಲ ಸೇರಿದ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಕೌಂಟರಿನಲ್ಲಿ ವಾದ ಮಾಡಬೇಡಿ, ಏನೇನು ಕಾಗದ ಬೇಕು ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಬರೆದು ಕೊಡಬೇಕಾದಾಗ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಅಪ್ಪನಿಗೆ ಬೇರೆ ಎಲ್ಲಾದರೂ ಮರೆತುಹೋದ ಖಾತೆ ಇರಬಹುದು ಅನಿಸಿದರೆ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್‌ನಲ್ಲಿ ಹುಡುಕಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳ ವಿವರ ಅಲ್ಲಿ ಸಿಗುತ್ತದೆ.

ಪ್ರಶ್ನೆ: ತಂದೆಗೆ ಎರಡನೇ ಸಂಸಾರ ಇತ್ತು ಅಂತ ಅವರು ಹೋದ ಮೇಲೆ ಗೊತ್ತಾಯಿತು. ದೇವಸ್ಥಾನದಲ್ಲಿ ಮದುವೆ ಆಗಿದ್ದರಂತೆ. ಒಬ್ಬ ಮಗ ಇದ್ದಾನೆ. ಅಮ್ಮ, ನಾನು, ತಂಗಿ ಇದ್ದೇವೆ. ಅವರಿಗೂ ಪಾಲು ಹೋಗುತ್ತದಾ? — ಹೆಸರು, ಬಡಾವಣೆ ಬೇಡ ಎಂದವರು

ಉತ್ತರ: ನಿಮ್ಮ ಅಮ್ಮನ ಮದುವೆ ಊರ್ಜಿತವಾಗಿರುವಾಗ ಆದ ಆ ಮದುವೆಗೆ ಕಾನೂನಿನ ಬೆಲೆ ಇಲ್ಲ, ಆದ್ದರಿಂದ ಆಕೆಗೆ ಪಾಲಿಲ್ಲ. ಆದರೆ ಹುಡುಗನಿಗೆ ಇದೆ. ತಂದೆಯ ಸ್ವಂತ ಆಸ್ತಿಯಲ್ಲಿ ಅಮ್ಮ, ನೀವು, ತಂಗಿ, ಅವನು, ನಾಲ್ಕು ಸಮಪಾಲು. ತಂದೆಯ ತಾಯಿ ಇದ್ದರೆ ಐದು. ಪಿತ್ರಾರ್ಜಿತ ಇದ್ದರೆ ಅದರಲ್ಲಿ ಅವನಿಗೆ ಹುಟ್ಟಿನಿಂದ ಹಕ್ಕಿಲ್ಲ, ಆದರೆ ತಂದೆಯ ಭಾಗಕ್ಕೆ ಬರುವಷ್ಟರಲ್ಲಿ ಅವನೂ ಒಬ್ಬ. ಇದನ್ನು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದ್ದು ರೇವಣಸಿದ್ದಪ್ಪ ಪ್ರಕರಣದಲ್ಲಿ, ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಅವನ ಹೆಸರು ಬಿಟ್ಟು ಬರೆಸಬೇಡಿ. ಸುಳ್ಳು ಪ್ರಮಾಣ ಮಾಡಿದ ಹಾಗಾಗುತ್ತದೆ, ಆಮೇಲೆ ಮಾಡಿಸಿದ ಪತ್ರಗಳೆಲ್ಲ ಅಲ್ಲಾಡುತ್ತವೆ. ಅಮ್ಮನಿಗೆ ಈ ಸುದ್ದಿ ಹೇಗೆ ಹೇಳುವುದು ಎಂದೂ ಕೇಳಿದ್ದೀರಿ. ಅದು ಈ ಅಂಕಣದ ಕೈ ಮೀರಿದ್ದು. ಕೋರ್ಟ್ ನೋಟಿಸ್ ನೋಡಿ ಗೊತ್ತಾಗುವ ಮೊದಲು ನೀವೇ ಹೇಳಿ ಅಂತಷ್ಟೇ ನಾನು ಹೇಳಬಲ್ಲೆ.

ಪ್ರಶ್ನೆ: ನನಗೆ 76 ವರ್ಷ. ವಿಲ್ ಬರೆಯಲು ಎಷ್ಟು ರೂಪಾಯಿ ಛಾಪಾ ಕಾಗದ ಬೇಕು? ಮಗ ಡಾಕ್ಟರ್, ಅವನೇ ಸಾಕ್ಷಿ ಹಾಕಬಹುದಾ? — ಬಸವನಗುಡಿ ಓದುಗರು

ಉತ್ತರ: ಛಾಪಾ ಕಾಗದವೇ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಯಾವ ಆಸ್ತಿ, ಯಾರಿಗೆ ಅನ್ನುವುದು ಸ್ಪಷ್ಟವಾಗಿರಲಿ, ಮನೆಯಾದರೆ ನಂಬರು, ಅಳತೆ, ಚೆಕ್ಕುಬಂದಿ ಸಮೇತ. ಪ್ರತಿ ಪುಟಕ್ಕೂ ಸಹಿ ಮಾಡಿ. ಇಬ್ಬರು ಸಾಕ್ಷಿಗಳ ಎದುರೇ ಸಹಿ ಮಾಡಿ, ಅವರೂ ನಿಮ್ಮ ಎದುರೇ ಮಾಡಲಿ. ರಿಜಿಸ್ಟರ್ ಕಡ್ಡಾಯವಲ್ಲ, ಆದರೆ ನಿಮ್ಮ ವಯಸ್ಸಿಗೆ ಮಾಡಿಸುವುದೇ ಒಳ್ಳೆಯದು. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಮುಂದೆ ಕೋರ್ಟಿಗೆ ಬರಬೇಕಾಗಿ ಬಂದರೆ ಅವರು ಇರಬೇಕಲ್ಲ! ಮಗನ ಸಹಿ ಮಾತ್ರ ಬೇಡ. ಆಸ್ತಿ ಪಡೆಯುವವನೇ ಸಾಕ್ಷಿಯಾದರೆ ಎದುರಿನವರ ವಕೀಲರು ಮೊದಲು ಹಿಡಿಯುವುದೇ ಅದನ್ನು. ನಿಮ್ಮ ಬೀದಿಯ ಕ್ಲಿನಿಕ್‌ನ ಡಾಕ್ಟರ್ ಹತ್ತಿರ ಹಾಕಿಸಿ, ಬುದ್ಧಿ ನೆಟ್ಟಗಿದೆ ಅಂತ ಒಂದು ಸಾಲು ಬರೆಸಿಕೊಳ್ಳುವುದನ್ನು ಮರೆಯಬೇಡಿ.